ಒಕ್ಕಲೆದ್ದ ಕೇರಿಗಳು: ಶಿಕಾಗೋದ ಪಿಲ್ಸೆನ್‌ನಿಂದ ಬೆಂಗಳೂರಿನ ಮಲ್ಲೇಶ್ವರದವರೆಗೆ



ನಮ್ಮ ಡೆಸ್ ಪ್ಲೇನ್ಸ್ ನಗರದ ಮೈನರ್ ಬೀದಿಯಲ್ಲಿ 1925ರಲ್ಲಿ ಆರಂಭವಾದ ಚಿತ್ರಮಂದಿರವೊಂದಿದೆ. ನಮ್ಮಲ್ಲಿ ಹಲವರಿಗೆ ಅದು ಪರಿಚಿತ. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿ ಹಿಂದಿ ಚಿತ್ರಗಳು ಪ್ರದರ್ಶನಗೊಳ್ಳುತ್ತಿದ್ದವು. ಮುಂದೆ ಅದು ಮುಚ್ಚಿತು. 2018ರಲ್ಲಿ ನಗರಾಡಳಿತವೇ ಕಟ್ಟಡವನ್ನು ಕೊಂಡು ಜೀರ್ಣೋದ್ಧಾರಕ್ಕೆ ಕೈಹಾಕಿತು. ಇಂದು ಅದರ ದೀಪಗಳು ಮತ್ತೆ ಬೆಳಗುತ್ತಿವೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಮೆಟ್ರಾ ರೈಲು ನಿಲ್ದಾಣ. ಅದರ ಸುತ್ತಮುತ್ತ ಬಹುಮಹಡಿಯ ಹೊಸ ವಸತಿ ಕಟ್ಟಡಗಳು ಎದ್ದಿವೆ, ಏಳುತ್ತಲೂ ಇವೆ.

ಕಳೆದ ಯುಗಾದಿಯ ಊಟದ ಪಂಕ್ತಿಯಲ್ಲಿ ಈ ಮಾತು ಬಂದಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಸದಸ್ಯರೊಬ್ಬರು ಸಂತೋಷದಿಂದ, "ಡಾಕ್ಟ್ರೇ, ನಮ್ಮ ಊರು ಕೊನೆಗೂ ಸುಧಾರಿಸ್ತಾ ಇದೆ. ಮನೆಗಳ ಬೆಲೆ ನೋಡಿದಿರಾ?" ಎಂದರು. ನಾನೂ ತಲೆದೂಗಿದೆ. ನನ್ನದೂ ಇಲ್ಲೊಂದು ಮನೆಯಿದೆಯಲ್ಲವೆ! ಆಗ ಅವರ ಪತ್ನಿ ಒಬ್ಬಟ್ಟು ಬಡಿಸುತ್ತಿದ್ದವರು ಕೈ ತಡೆದು, "ಅದೆಲ್ಲ ಸರಿ. ನಾವು ಮೊದಲು ಬಂದಾಗ ಬಾಡಿಗೆಗಿದ್ವಲ್ಲ, ಆ ಕಟ್ಟಡ ಈಗಿಲ್ಲ. ಕೆಳಗಿನ ಮನೇಲಿ ಒಬ್ಬರು ಪೋಲಿಷ್ ಅಜ್ಜಿ ಇದ್ದರು, ಮಗು ಹುಟ್ಟಿದಾಗ ಸೂಪ್ ಮಾಡಿ ತಂದುಕೊಡ್ತಾ ಇದ್ದರು. ಅವರೆಲ್ಲಿ ಹೋದರೋ?" ಎಂದರು. ಯಾರೂ ಉತ್ತರಿಸಲಿಲ್ಲ. ಮಾತು ಬೇರೆಡೆಗೆ ಹೊರಳಿತು.

ಆ ಪ್ರಶ್ನೆ ಮಾತ್ರ ನನ್ನೊಡನೆಯೇ ಮನೆಗೆ ಬಂದಿತು. ಊರು ಸುಧಾರಿಸಿದಾಗ ಅಲ್ಲಿ ಮೊದಲಿನಿಂದ ಇದ್ದವರು ಎಲ್ಲಿಗೆ ಹೋಗುತ್ತಾರೆ? ನಾನು ಇತಿಹಾಸಕಾರನಲ್ಲ, ವೈದ್ಯ. ಆದರೆ ಈ ಪ್ರಶ್ನೆ ನನ್ನ ವೃತ್ತಿಯಲ್ಲೂ ನನ್ನ ಕುಟುಂಬದಲ್ಲೂ ಎದುರಾಗಿದೆ. ಎರಡೂ ಕಡೆ ನಾನು ಅದನ್ನು ತಡವಾಗಿಯೇ ಕೇಳಿಕೊಂಡೆ. ಆದ್ದರಿಂದ ಈ ಲೇಖನ.

ಎರಡು ಭಾಷೆ, ಎರಡು ನೋಟ

ಬಡವರೂ ಶ್ರಮಿಕರೂ ವಾಸಿಸುವ ಹಳೆಯ ಕೇರಿಗೆ ಉಳ್ಳವರು ಬಂದು ನೆಲೆಸುವುದು, ಕಟ್ಟಡಗಳು ನವೀಕರಣಗೊಳ್ಳುವುದು, ಬಾಡಿಗೆಯೂ ಬೆಲೆಯೂ ಏರುವುದು, ಹಳಬರು ಒಬ್ಬೊಬ್ಬರಾಗಿ ತೆರವಾಗುವುದು: ಈ ಒಟ್ಟು ಕ್ರಿಯೆಗೆ ಇಂಗ್ಲಿಷಿನಲ್ಲಿ ಜೆಂಟ್ರಿಫಿಕೇಶನ್ ಎಂದು ಹೆಸರು. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞೆ ರೂತ್ ಗ್ಲಾಸ್ ಅವರು ಲಂಡನ್ ನಗರವನ್ನು ಕುರಿತು 1964ರಲ್ಲಿ ಬರೆದಾಗ ಈ ಪದವನ್ನು ಟಂಕಿಸಿದರು. ಕೆಲಸಗಾರರ ಪುಟ್ಟ ಮನೆಗಳು ಗುತ್ತಿಗೆಯ ಅವಧಿ ಮುಗಿದೊಡನೆ ಮಧ್ಯಮವರ್ಗದವರ ಕೈಸೇರಿ ದುಬಾರಿ ನಿವಾಸಗಳಾಗುತ್ತಿದ್ದುದನ್ನು ಅವರು ಗಮನಿಸಿದ್ದರು. 'ಜೆಂಟ್ರಿ' ಎಂದರೆ ಅಲ್ಲಿನ ಸ್ಥಿತಿವಂತ ಭೂಮಾಲೀಕ ವರ್ಗ. ಪದದಲ್ಲಿ ಸ್ವಲ್ಪ ವ್ಯಂಗ್ಯವೂ ಇತ್ತು.

ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಬಹಳ ಯೋಚಿಸಿದೆ. ಹೊಸ ಪದ ಕಟ್ಟುವ ಮುನ್ನ ನಮ್ಮಲ್ಲಿ ಮೊದಲೇ ಇರುವ ಒಂದು ಪದ ನೆನಪಾಯಿತು: ಒಕ್ಕಲೆಬ್ಬಿಸುವುದು. ಒಕ್ಕಲು ಎಂದರೆ ಮನೆತನ, ವಾಸ, ನೆಲ ನೆಚ್ಚಿ ಬದುಕುವವನು. ಗೃಹಪ್ರವೇಶವನ್ನು ಕರಾವಳಿಯ ಕಡೆ ಇಂದಿಗೂ ಮನೆ ಒಕ್ಕಲು ಎನ್ನುತ್ತಾರೆ. ನೆಲೆನಿಂತವರನ್ನು ತೆರವು ಮಾಡಿಸುವುದಕ್ಕೂ ಅದೇ ಪದ. ಇಂಗ್ಲಿಷಿನ ಪದ ಕೇರಿಗೆ ಬಂದವರನ್ನು ಹೆಸರಿಸುತ್ತದೆ. ಕನ್ನಡದ ಪದ ಎದ್ದು ಹೋದವರನ್ನು ಹೆಸರಿಸುತ್ತದೆ. ಈ ಲೇಖನದಲ್ಲಿ ನಾನು ಕನ್ನಡದ ಪದ ತೋರುವ ದಿಕ್ಕಿನಲ್ಲಿ ನೋಡಲು ಯತ್ನಿಸಿದ್ದೇನೆ.

1965: ಒಂದು ವರ್ಷ, ಎರಡು ಪ್ರಯಾಣ

ಶಿಕಾಗೋ ನಗರದ ನಡುವಣ ಲೂಪ್ ಪ್ರದೇಶದಿಂದ ಪಶ್ಚಿಮಕ್ಕೆ ಹ್ಯಾರಿಸನ್ ಮತ್ತು ಹಾಲ್‌ಸ್ಟೆಡ್ ಬೀದಿಗಳು ಕೂಡುವಲ್ಲಿ ಒಂದು ಕಾಲಕ್ಕೆ ಇಟಾಲಿಯನ್ನರು, ಗ್ರೀಕರು, ಮೆಕ್ಸಿಕನ್ನರು ಒತ್ತೊತ್ತಾಗಿ ಬದುಕಿದ್ದರು. ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ 1889ರಲ್ಲಿ ಸ್ಥಾಪಿಸಿದ ಹಲ್ ಹೌಸ್ ಎಂಬ ಸೇವಾಕೇಂದ್ರವಿದ್ದುದು ಇಲ್ಲಿಯೇ. ಬಡ ವಲಸಿಗರಿಗೆ ಅಕ್ಷರ, ಆರೋಗ್ಯ, ಕೂಸುಗಳ ಆರೈಕೆ ಒದಗಿಸಿ ಜಗತ್ಪ್ರಸಿದ್ಧವಾದ ಸಂಸ್ಥೆಯದು.

ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕದ ನಗರಗಳು 'ನಗರ ನವೀಕರಣ'ದ ಹೆಸರಿನಲ್ಲಿ ಹಳೆಯ ಕೇರಿಗಳನ್ನು ಕೆಡವತೊಡಗಿದವು. ಹ್ಯಾರಿಸನ್-ಹಾಲ್‌ಸ್ಟೆಡ್ ನಿವಾಸಿಗಳು ಮೊದಲು ಈ ಯೋಜನೆಗೆ ವಿರೋಧಿಗಳಾಗಿರಲಿಲ್ಲ. ತಮ್ಮ ಕೇರಿಯಲ್ಲೇ ಹೊಸ ಮನೆಗಳು ಬರುತ್ತವೆಂದು ಅವರು ನಂಬಿದ್ದರು. 1961ರಲ್ಲಿ ಮೇಯರ್ ರಿಚರ್ಡ್ ಜೆ. ಡೇಲಿ ಅದೇ ನೆಲವನ್ನು ಇಲಿನಾಯ್ ವಿಶ್ವವಿದ್ಯಾಲಯದ ಆವರಣಕ್ಕೆ ಗೊತ್ತುಮಾಡಿದರು. ದರ್ಜಿಯೊಬ್ಬರ ಮಗಳಾದ ಫ್ಲಾರೆನ್ಸ್ ಸ್ಕಾಲಾ ಎಂಬ ಮಹಿಳೆ ನೆರೆಹೊರೆಯ ಹೆಂಗಸರನ್ನು ಒಗ್ಗೂಡಿಸಿ ನಗರಸಭೆಯ ಮುಂದೆ ಧರಣಿ ಕುಳಿತರು, ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು, ಸೋತರು. ಸಾವಿರಾರು ಜನರು ತೆರಳಿದರು, ನೂರಾರು ಅಂಗಡಿಗಳು ಮುಚ್ಚಿದವು. ಹಲ್ ಹೌಸಿನ ಹತ್ತಾರು ಕಟ್ಟಡಗಳಲ್ಲಿ ಎರಡು ಮಾತ್ರ ಉಳಿದವು. 1965ರ ಫೆಬ್ರವರಿಯಲ್ಲಿ ಹೊಸ ಆವರಣದಲ್ಲಿ ತರಗತಿಗಳು ಆರಂಭವಾದವು.

ನಮ್ಮ ನೆರೆಯ ಡೆಟ್ರಾಯಿಟಿನಲ್ಲೂ ಇದೇ ಕಾಲದಲ್ಲಿ ಇದೇ ಕಥೆ. ಬ್ಲ್ಯಾಕ್ ಬಾಟಮ್ ಎಂಬ ಕಪ್ಪು ಜನರ ಕೇರಿಯೂ, ಅವರ ಅಂಗಡಿ, ಸಂಗೀತಶಾಲೆಗಳಿಂದ ತುಂಬಿದ್ದ ಹೇಸ್ಟಿಂಗ್ಸ್ ಬೀದಿಯೂ ನೆಲಸಮವಾದವು. ಬೀದಿಯ ಜಾಗದಲ್ಲಿ ಕ್ರೈಸ್ಲರ್ ಹೆದ್ದಾರಿ ಹಾದುಹೋಯಿತು. ಕೇರಿಯ ಜಾಗದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ವಿನ್ಯಾಸದ ಲಫಾಯೆಟ್ ಪಾರ್ಕ್ ಬಂದಿತು.

1965ನೆಯ ಇಸವಿ ನಮಗೆ ಬೇರೊಂದು ಕಾರಣಕ್ಕೂ ಮುಖ್ಯ. ಆ ವರ್ಷದ ಅಕ್ಟೋಬರಿನಲ್ಲಿ ಅಂಗೀಕಾರವಾದ ವಲಸೆ ಕಾಯಿದೆಯಿಂದಲೇ ಭಾರತದ ವೈದ್ಯರಿಗೂ ಎಂಜಿನಿಯರುಗಳಿಗೂ ಈ ದೇಶದ ಬಾಗಿಲು ತೆರೆಯಿತು. ನಮ್ಮ ಹಿರಿಯ ಸದಸ್ಯರಲ್ಲಿ ಕೆಲವರು ಶಿಕಾಗೋದ ಪಶ್ಚಿಮ ಭಾಗದ ಆಸ್ಪತ್ರೆಗಳಲ್ಲಿ ತರಬೇತಿ ಪಡೆದವರು, ಇನ್ನು ಕೆಲವರು ಆ ಹೊಸ ಆವರಣದಲ್ಲಿಯೇ ಓದಿದವರು. ನಾವು ಪಾಠ ಕಲಿತ ನೆಲದಲ್ಲಿ ಹಿಂದೆ ಯಾರದೋ ಅಡುಗೆಮನೆ ಇತ್ತು. ಇದನ್ನು ನಾನು ಆರೋಪವಾಗಿ ಹೇಳುತ್ತಿಲ್ಲ, ಇತಿಹಾಸವಾಗಿ ಹೇಳುತ್ತಿದ್ದೇನೆ. ವಿಶ್ವವಿದ್ಯಾಲಯದಿಂದ ಲಕ್ಷಾಂತರ ಮಕ್ಕಳಿಗೆ ಒಳಿತಾಗಿದೆ. ಆದರೆ ಒಳಿತಿನ ಬೆಲೆ ತೆತ್ತವರು ಬೇರೆ, ಫಲ ಉಂಡವರು ಬೇರೆ.

ಪಿಲ್ಸೆನ್: ಎರಡನೆಯ ಬಾರಿ ಎದ್ದವರು

ಹ್ಯಾರಿಸನ್-ಹಾಲ್‌ಸ್ಟೆಡ್ ಬಿಟ್ಟ ಮೆಕ್ಸಿಕನ್ ಕುಟುಂಬಗಳಲ್ಲಿ ಬಹಳಷ್ಟು ದಕ್ಷಿಣಕ್ಕೆ ಸರಿದು 18ನೆಯ ಬೀದಿಯ ಸುತ್ತ ನೆಲೆಸಿದವು. ಆ ಕೇರಿಯ ಹೆಸರು ಪಿಲ್ಸೆನ್. ಹೆಸರು ಮೆಕ್ಸಿಕೋದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬೊಹೀಮಿಯದಿಂದ ಬಂದ ಚೆಕ್ ಜನರು ತಮ್ಮ ನಾಡಿನ ನಗರವೊಂದರ ಹೆಸರನ್ನು ಇಲ್ಲಿಟ್ಟಿದ್ದರು. ಅವರು 1892ರಲ್ಲಿ ಕಟ್ಟಿದ ಥಾಲಿಯಾ ಹಾಲ್ ಎಂಬ ರಂಗಮಂದಿರ ಇಂದಿಗೂ ನಿಂತಿದೆ. ಚೆಕ್ಕರ ಮಕ್ಕಳು ಮೊಮ್ಮಕ್ಕಳು ಉತ್ತಮ ಸ್ಥಿತಿಗೆ ಬಂದು ಉಪನಗರಗಳಿಗೆ ತೆರಳಿದಾಗ, ಹೋಗಲು ಬೇರೆ ಜಾಗವಿಲ್ಲದ ಮೆಕ್ಸಿಕನ್ನರು ಅಲ್ಲಿ ತುಂಬಿಕೊಂಡರು.

ಅವರು ಬರಿದೆ ವಾಸಿಸಲಿಲ್ಲ, ಕೇರಿಯನ್ನು ಕಟ್ಟಿದರು. ಮಕ್ಕಳಿಗೆ ಹೈಸ್ಕೂಲು ಬೇಕೆಂದು ವರ್ಷಗಟ್ಟಲೆ ಹೋರಾಡಿ 1977ರಲ್ಲಿ ಬೆನಿಟೋ ಹುವಾರೆಸ್ ಶಾಲೆಯನ್ನು ತೆರೆಯಿಸಿಕೊಂಡರು. 1987ರಲ್ಲಿ ಮೆಕ್ಸಿಕನ್ ಕಲೆಯ ವಸ್ತುಸಂಗ್ರಹಾಲಯ ಬಾಗಿಲು ತೆರೆಯಿತು. ಗೋಡೆಗೋಡೆಯ ಮೇಲೂ ಭಿತ್ತಿಚಿತ್ರಗಳು ಮೂಡಿದವು. ದುರಂತವೆಂದರೆ, ಅವರು ಕೇರಿಯನ್ನು ಚೆಲುವಾಗಿಸಿದ್ದೇ ಅದರ ಬೆಲೆಯನ್ನು ಏರಿಸಿತು. ಲೂಪ್ ಹತ್ತಿರ, ರೈಲು ಹತ್ತಿರ, ಇಟ್ಟಿಗೆಯ ಹಳೆಯ ಕಟ್ಟಡಗಳು, ಬಣ್ಣಬಣ್ಣದ ಗೋಡೆಗಳು, ರುಚಿಕರ ಊಟ. ಮೊದಲು ಕಲಾವಿದರು ಬಂದರು, ಬೆನ್ನಿಗೆ ವಿದ್ಯಾರ್ಥಿಗಳು, ಅವರ ಬೆನ್ನಿಗೆ ಕೈತುಂಬ ಸಂಬಳದವರು. ಪಿಲ್ಸೆನ್ ಸೇರಿರುವ ಲೋಯರ್ ವೆಸ್ಟ್ ಸೈಡ್ ಭಾಗದ ಜನಸಂಖ್ಯೆ 2000ದ ಜನಗಣತಿಯಲ್ಲಿ ಸುಮಾರು 44,000 ಇದ್ದದ್ದು 2010ರಲ್ಲಿ ಸುಮಾರು 36,000ಕ್ಕೆ ಇಳಿಯಿತು. ಕೇರಿಗೆ ಬೇಡಿಕೆ ಹೆಚ್ಚಿದಾಗ ಜನರು ಕಡಿಮೆಯಾದದ್ದು ಹೇಗೆ? ಐದಾರು ಜನರ ಕುಟುಂಬವಿದ್ದ ಮನೆಗೆ ಒಬ್ಬರೋ ಇಬ್ಬರೋ ಬಂದರೆ, ಎರಡು ಮೂರು ಸಂಸಾರಗಳಿದ್ದ ಕಟ್ಟಡವನ್ನು ಒಂದೇ ಸಂಸಾರದ ಮನೆಯಾಗಿ ಮಾರ್ಪಡಿಸಿದರೆ ಹೀಗಾಗುತ್ತದೆ.

ಅಲ್ಲಿ ಕಾಸಾ ಅಸ್ತ್‌ಲಾನ್ ಎಂಬ ಸಮುದಾಯ ಕೇಂದ್ರವಿತ್ತು. ವಲಸಿಗರಿಗೆ ಇಂಗ್ಲಿಷ್ ಪಾಠ, ಕಾಗದಪತ್ರಗಳ ನೆರವು, ಮಕ್ಕಳಿಗೆ ಚಿತ್ರಕಲೆ ಎಲ್ಲವೂ ಅಲ್ಲಿ. ಕೇಂದ್ರ ಮುಚ್ಚಿ ಕಟ್ಟಡ ಮಾರಾಟವಾಯಿತು, ವಸತಿ ಘಟಕಗಳಾಗಿ ಮಾರ್ಪಟ್ಟಿತು. 2017ರಲ್ಲಿ ಅದರ ಹೊರಗೋಡೆಯಲ್ಲಿದ್ದ ರೇ ಪ್ಯಾಟ್ಲಾನ್ ಅವರ ಪ್ರಸಿದ್ಧ ಭಿತ್ತಿಚಿತ್ರಗಳ ಮೇಲೆ ಬಣ್ಣ ಬಳಿಯಲಾಯಿತು. ಜನರು ಕೆರಳಿದರು. ಕೊನೆಗೆ ಅದೇ ಕಲಾವಿದರನ್ನು ಕರೆಸಿ ಹೊಸ ಚಿತ್ರ ಬರೆಸಿದರು. ಚಿತ್ರ ಮರಳಿತು. ಚಿತ್ರದಲ್ಲಿ ಇರುವಂಥ ಜನ ಮರಳಲಿಲ್ಲ.

ನಗರದ ವಾಯವ್ಯಕ್ಕೆ ಇದೇ ಮಾದರಿಯ ಇನ್ನೊಂದು ಉದಾಹರಣೆಯಿದೆ. ಬಳಕೆ ತಪ್ಪಿದ್ದ ಎತ್ತರಿಸಿದ ರೈಲು ಹಾದಿಯೊಂದನ್ನು 2.7 ಮೈಲು ಉದ್ದದ ನಡಿಗೆಯ ಉದ್ಯಾನವಾಗಿಸಿ 2015ರ ಜೂನ್ 6ರಂದು ತೆರೆದರು. ಅದರ ಹೆಸರು 606. ನಾವೂ ಮಕ್ಕಳೊಡನೆ ಅಲ್ಲಿ ಸೈಕಲ್ ಓಡಿಸಿದ್ದೇವೆ. ಡಿಪಾಲ್ ವಿಶ್ವವಿದ್ಯಾಲಯದ ಅಧ್ಯಯನವೊಂದರ ಪ್ರಕಾರ ಉದ್ಯಾನದ ಕೆಲಸ ಆರಂಭವಾದ 2013ರಿಂದ ಮೂರೇ ವರ್ಷಗಳಲ್ಲಿ, ಬಡವರು ಹೆಚ್ಚಾಗಿದ್ದ ಅದರ ಪಶ್ಚಿಮ ಭಾಗದ ಮನೆಗಳ ಬೆಲೆ ಶೇಕಡ 48ರಷ್ಟು ಏರಿತು. ಹಸಿರು ನೆರಳು ಬೇಕೆಂದು ಕೇಳಿದವರಲ್ಲಿ ಎಷ್ಟೋ ಮಂದಿ ಅದು ಬೆಳೆಯುವ ವೇಳೆಗೆ ಅಲ್ಲಿರಲಿಲ್ಲ.

ನಾನು ಕೇಳದೆ ಹೋದ ವಿಳಾಸ

ತಿಂಗಳಿಗೆ ಎರಡು ಶನಿವಾರ ನಾನು ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವಯಂಸೇವಕನಾಗಿ ರೋಗಿಗಳನ್ನು ನೋಡುತ್ತೇನೆ. ಅಲ್ಲಿಗೆ ಕೆಲವು ವರ್ಷಗಳಿಂದ ಬರುತ್ತಿದ್ದ, ಅರುವತ್ತು ದಾಟಿದ ಮಹಿಳೆಯೊಬ್ಬರಿದ್ದರು. ರಕ್ತದೊತ್ತಡ, ಮಧುಮೇಹ ಎರಡೂ ಹತೋಟಿಯಲ್ಲಿದ್ದವು. ಒಂದು ವರ್ಷ ಎರಡೂ ಕೈಮೀರಿದವು. ಅವರು ಸರದಿ ತಪ್ಪಿಸತೊಡಗಿದರು. ನಾನು ಮಾತ್ರೆಯ ಪ್ರಮಾಣ ಹೆಚ್ಚಿಸಿದೆ, ಇನ್ನೊಂದು ಮಾತ್ರೆ ಸೇರಿಸಿದೆ, ಉಪ್ಪು ಕಡಿಮೆ ಮಾಡಿರೆಂದು ಉಪದೇಶಿಸಿದೆ. ಮೂರನೆಯ ಭೇಟಿಯಲ್ಲಿ ಸ್ಪ್ಯಾನಿಷ್ ಬಲ್ಲ ದಾದಿ ಮೆಲ್ಲಗೆ ನನ್ನ ಕಿವಿಗೆ ಹಾಕಿದರು: "ಇವರು ಈಗ ಪಿಲ್ಸೆನ್‌ನಲ್ಲಿಲ್ಲ ಡಾಕ್ಟರ್. ಬಾಡಿಗೆ ಏರಿತು. ಮಗಳ ಮನೆಯ ನೆಲಮಾಳಿಗೆಯಲ್ಲಿದ್ದಾರೆ. ಎರಡು ಬಸ್ಸು ಬದಲಿಸಿ ಬರುತ್ತಾರೆ."

ಮೂವತ್ತು ವರ್ಷ ಅವರು ಒಂದೇ ಬೀದಿಯಲ್ಲಿದ್ದರು. ಸಾಲ ಕೊಡುವ ಅಂಗಡಿ, ಜೊತೆಯಲ್ಲಿ ನಡೆಯಲು ಬರುವ ಗೆಳತಿ, ಮಾತ್ರೆ ಮರೆತರೆ ನೆನಪಿಸುವ ನೆರೆಯಾಕೆ, ಭಾನುವಾರದ ಚರ್ಚು ಎಲ್ಲವೂ ಆ ಬೀದಿಯಲ್ಲಿದ್ದವು. ನನ್ನ ಔಷಧಚೀಟಿಯ ಅರ್ಧ ಕೆಲಸ ಮಾಡುತ್ತಿದ್ದುದು ಆ ಬೀದಿ ಎಂಬುದು ನನಗೆ ತಿಳಿದದ್ದು ಅದು ಇಲ್ಲವಾದ ಮೇಲೆ. ಮಿಂಡಿ ಫುಲ್ಲಿಲವ್ ಎಂಬ ಮನೋವೈದ್ಯೆ 2004ರಲ್ಲಿ ಪ್ರಕಟಿಸಿದ 'ರೂಟ್ ಶಾಕ್' ಎಂಬ ಪುಸ್ತಕದಲ್ಲಿ ಇದನ್ನೇ ವಿವರಿಸುತ್ತಾರೆ. ಬೇರುಸಹಿತ ಕಿತ್ತು ಬೇರೆಡೆ ನೆಟ್ಟ ಗಿಡ ಸೊರಗುವುದಕ್ಕೆ ತೋಟಗಾರರು ಬಳಸುವ ಮಾತದು. ನಗರ ನವೀಕರಣದಲ್ಲಿ ಕೇರಿ ಕಳೆದುಕೊಂಡ ಕಪ್ಪು ಜನರ ದೇಹ-ಮನಸ್ಸುಗಳ ಮೇಲಾದ ಪರಿಣಾಮಗಳನ್ನು ಅವರು ವರ್ಷಗಳ ಕಾಲ ಅಧ್ಯಯನ ಮಾಡಿದ್ದರು. ವೈದ್ಯಕೀಯ ವಿದ್ಯಾರ್ಥಿಯಾಗಿ ನಾನು ರೋಗಿಯ ವಂಶಚರಿತ್ರೆ ಕೇಳಲು ಕಲಿತಿದ್ದೆ. ಮನೆ ಬದಲಾಯಿತೇ ಎಂದು ಕೇಳಲು ಕಲಿತಿರಲಿಲ್ಲ. ಈಗ ಕೇಳುತ್ತೇನೆ.

ಬಿಟ್ಟು ಹೋಗುವುದು, ಬಿಡಬೇಕಾಗಿ ಬರುವುದು

"ಕೇರಿಗಳು ಬದಲಾಗುವುದು ಸಹಜವಲ್ಲವೆ? ಡೆವಾನ್ ಅವೆನ್ಯೂ ನೋಡಿ" ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದದ್ದು. ನಾವೆಲ್ಲ ಬೇಳೆ, ಸಾಂಬಾರು ಪುಡಿಗೆ ಹೋಗುವ ಡೆವಾನ್ ಬೀದಿ ಒಂದು ಕಾಲಕ್ಕೆ ಯಹೂದಿಗಳ ವ್ಯಾಪಾರ ಕೇಂದ್ರ. ಬೀದಿಯ ಒಂದು ಭಾಗಕ್ಕೆ ಗೋಲ್ಡಾ ಮೆಯರ್ ಹೆಸರು, ಇನ್ನೊಂದು ಭಾಗಕ್ಕೆ ಗಾಂಧೀಜಿಯ ಹೆಸರು ಇರುವುದು ಈ ಇತಿಹಾಸದಿಂದಲೇ. ಪಟೇಲ್ ಬ್ರದರ್ಸ್ ಅಲ್ಲಿ ಅಂಗಡಿ ತೆರೆದದ್ದು 1974ರಲ್ಲಿ. ಯಹೂದಿ ಕುಟುಂಬಗಳಲ್ಲಿ ಹಲವರು ಆ ಹೊತ್ತಿಗೆ ಉತ್ತರದ ಉಪನಗರಗಳಲ್ಲಿ ಮನೆ ಕೊಳ್ಳುತ್ತಿದ್ದರು. ಮುಂದೆ ನಮ್ಮವರೂ ಷಾಂಬರ್ಗ್, ನೇಪರ್‌ವಿಲ್, ಡೆಸ್ ಪ್ಲೇನ್ಸ್ ಎಂದು ಚದುರಿದರು.

ಅಲ್ಲಿ ಹೋದವರು ಏಣಿ ಹತ್ತಿ ಹೋದರು. ಹಿಂದಿನವರು ಖಾಲಿ ಮಾಡಿದ ಜಾಗಕ್ಕೆ ಹೊಸಬರು ಬಂದರು. ಪಿಲ್ಸೆನ್‌ನಲ್ಲಿ ಹೊಸಬರು ಬಂದದ್ದರಿಂದ ಹಿಂದಿನವರು ಖಾಲಿ ಮಾಡಬೇಕಾಯಿತು. ಎರಡನ್ನೂ ಸ್ಥಳಾಂತರ ಎಂದೇ ಕರೆಯಬಹುದು. ಆದರೆ ಮಗಳು ಮದುವೆಯಾಗಿ ಮನೆ ಬಿಡುವುದಕ್ಕೂ ಮನೆ ಹರಾಜಾಗಿ ಬಿಡುವುದಕ್ಕೂ ಇರುವಷ್ಟು ಅಂತರ ಇವುಗಳ ನಡುವೆ ಇದೆ.

ಮಲ್ಲೇಶ್ವರ: ಪ್ಲೇಗಿನಿಂದ ಮೆಟ್ರೋವರೆಗೆ

ಇಷ್ಟು ಹೊತ್ತು ಪರರ ಕೇರಿಯ ಮಾತಾಯಿತು. ಇನ್ನು ನಮ್ಮ ಕೇರಿಯ ಮಾತು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಗಾಳಿ ಬೆಳಕು ಇರುವ ಹೊಸ ವಸತಿಯ ಅಗತ್ಯ ಸರ್ಕಾರಕ್ಕೂ ಜನರಿಗೂ ಮನವರಿಕೆಯಾಯಿತು. ಆ ದಶಕದಲ್ಲಿ ಯೋಜಿಸಿದ್ದ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಪ್ಲೇಗಿನ ಬಳಿಕ ವೇಗವಾಗಿ ಬೆಳೆದವು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ಕಿರುಓಣಿಗಳು, ಅಂಗಳಕ್ಕೊಂದು ಮಾವಿನ ಮರ. ಪೇಟೆಯ ಅಂಚಿನಲ್ಲಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ವಾರ್ಡುಗಳಲ್ಲಿ ನಾನು ವೈದ್ಯಕೀಯ ಕಲಿಯುವಾಗ, ಆರೋಗ್ಯದ ಭಯವೇ ನಮ್ಮ ಬಡಾವಣೆಯನ್ನು ಬೆಳೆಸಿತೆಂದು ನನಗೆ ಗೊತ್ತಿರಲಿಲ್ಲ. ಹೊಸ ಬಡಾವಣೆಗೆ ಹೋಗಲು ಎಲ್ಲರಿಗೂ ಶಕ್ತಿಯಿರಲಿಲ್ಲ. ಹೋದವರಲ್ಲಿ ಓದಿದವರೂ ಸರ್ಕಾರಿ ನೌಕರರೂ ಮೇಲ್ಜಾತಿಯವರೂ ಹೆಚ್ಚು. ಆ ನೆಲವೂ ಬರಿದಾಗಿರಲಿಲ್ಲ. ಕಾಡು ಮಲ್ಲೇಶ್ವರನ ಗುಡಿಯ ಸುತ್ತ ಮಲ್ಲಾಪುರವೆಂಬ ಹಳ್ಳಿಯಿತ್ತು. ನಮ್ಮ ಹೆಮ್ಮೆಯ ಬಡಾವಣೆಯೂ ಯಾರದೋ ಹೊಲದ ಮೇಲೆ ಎದ್ದದ್ದು.

ಆದರೂ ಮಲ್ಲೇಶ್ವರ ಸಿರಿವಂತರ ಬಡಾವಣೆ ಮಾತ್ರವಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ವಠಾರ. ದೊಡ್ಡ ಮನೆಯ ಹಿಂದೆ ಸಾಲಾಗಿ ಒಂದೂವರೆ ಕೋಣೆಯ ಆರೋ ಎಂಟೋ ಮನೆಗಳು, ನಡುವೆ ಅಂಗಳ, ಒಂದು ನಲ್ಲಿ, ಕೊನೆಯಲ್ಲಿ ಎರಡು ಬಚ್ಚಲು. ಗುಮಾಸ್ತರು, ಪುರೋಹಿತರು, ದರ್ಜಿಗಳು, ಹೋಟೆಲಿನ ಅಡುಗೆಯವರು, ಹಳ್ಳಿಯಿಂದ ಓದಲು ಬಂದ ಹುಡುಗರು ಎಲ್ಲರಿಗೂ ಅಲ್ಲಿ ಎಡೆಯಿತ್ತು. ಪಕ್ಕದಲ್ಲೇ ರಾಜಾ ಮಿಲ್ಲು. ಅದರ ಕಾರ್ಮಿಕರು ಶ್ರೀರಾಮಪುರದ ಕಡೆಯಿಂದ ನಡೆದು ಬರುತ್ತಿದ್ದರು. ಮಿಲ್ಲಿನ ಕೂಗಿಗೆ ಗಡಿಯಾರ ತಿದ್ದಿಕೊಳ್ಳುತ್ತಿದ್ದೆವೆಂದು ನಮ್ಮ ತಂದೆ ಹೇಳುತ್ತಿದ್ದರು. ವಠಾರದ ಬದುಕು ಸುಖದ್ದೆಂದು ನಾನು ಹೇಳಲಾರೆ. ನಲ್ಲಿಯ ಜಗಳ, ಜಾತಿಯ ಮಡಿ, ಗೋಡೆಯಾಚೆ ಕೇಳುವ ಗುಟ್ಟುಗಳು ಎಲ್ಲ ಇದ್ದವು. ಆದರೆ ನಗರದ ನಡುವೆ ಅಲ್ಪ ಆದಾಯದವರಿಗೆ ಒಂದು ವಿಳಾಸವಿತ್ತು.

2001ರಲ್ಲಿ ಸುಮಾರು 57 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2011ರಲ್ಲಿ ಸುಮಾರು 85 ಲಕ್ಷವಾಯಿತು. ರಾಜಾ ಮಿಲ್ಲು ಇದ್ದ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. 2014ರ ಮಾರ್ಚ್ 1ರಂದು ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ನಮ್ಮ ಮೆಟ್ರೋ ಓಡಿತು. ನೆಲದ ಬೆಲೆ ಮುಗಿಲಿಗೇರಿತು. ಅಡ್ಡರಸ್ತೆಗಳ ಹಂಚಿನ ಮನೆಗಳು, ವಠಾರಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾದವು.

ನಗರದ ಇನ್ನೊಂದು ಬದಿಯಲ್ಲಿ ಇದಕ್ಕಿಂತ ಕ್ರೂರವಾದ ದೃಶ್ಯ ನಡೆಯಿತು. ಕೋರಮಂಗಲದ ಬಳಿಯ ಈಜಿಪುರದಲ್ಲಿ ದುರ್ಬಲ ವರ್ಗದವರಿಗಾಗಿ ಕಟ್ಟಿದ್ದ ಸರ್ಕಾರಿ ವಸತಿಗಳು ಶಿಥಿಲವಾಗಿ ಕುಸಿದಿದ್ದವು. ಅಲ್ಲೇ ತಗಡಿನ ಶೆಡ್ಡುಗಳಲ್ಲಿದ್ದ ಕುಟುಂಬಗಳನ್ನು 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಜೆಸಿಬಿ ತಂದು ತೆರವುಗೊಳಿಸಿದರು. ಆ ನೆಲದ ಒಂದು ಭಾಗದಲ್ಲಿ ಮಾಲ್ ಕಟ್ಟುವ ಯೋಜನೆಯಿತ್ತು. ಮಲ್ಲೇಶ್ವರದಲ್ಲಿ ಜೆಸಿಬಿಗಿಂತ ಮೊದಲು ಮನೆಯ ಮಾಲೀಕರ ಸಹಿ ಬರುತ್ತಿತ್ತು. ಸದ್ದು ಕಡಿಮೆ, ಅಷ್ಟೇ.

ನನ್ನ ಸಹಿ

ಆ ಸಹಿಗಳಲ್ಲಿ ಒಂದು ನನ್ನದು.

ನಮ್ಮ ಅಜ್ಜನ ಮನೆಯ ಹಿಂದೆ ಆರು ಮನೆಗಳ ವಠಾರವಿತ್ತು. ಅಜ್ಜ ತೀರಿಕೊಂಡ ಬಳಿಕ ಆಸ್ತಿ ದೊಡ್ಡಪ್ಪನವರಿಗೂ ನಮ್ಮ ತಂದೆಗೂ ಸೋದರತ್ತೆಯರಿಗೂ ಸೇರಿತು. ತಂದೆಯ ಕಾಲಾನಂತರ ಅವರ ಪಾಲು ನನಗೆ ಬಂದಿತು. 2011ರಲ್ಲಿ ದೊಡ್ಡಪ್ಪ ದೂರವಾಣಿ ಮಾಡಿ, "ಬಿಲ್ಡರ್ ಒಬ್ಬರು ಬಂದಿದ್ದಾರಪ್ಪ. ಅರ್ಧ ಅರ್ಧ ಫ್ಲಾಟು. ನಿನ್ನದೊಂದು ಪವರ್ ಆಫ್ ಅಟಾರ್ನಿ ಬೇಕು" ಎಂದರು. ಕಾಗದ ಮಾಡಿಸಿ ಅಂಚೆಗೆ ಹಾಕಿದೆ. ಹಿಂದಿನ ಆರು ಮನೆಗಳಲ್ಲಿ ಯಾರಿದ್ದಾರೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಮೂರನೆಯ ಮನೆಯಲ್ಲಿ ನಾವು ಹೂವಿನಜ್ಜಿ ಎಂದು ಕರೆಯುತ್ತಿದ್ದ ಹೆಂಗಸಿದ್ದರು. ನಸುಕಿನಲ್ಲೇ ಸಿಟಿ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ, ಕನಕಾಂಬರ ತಂದು, ಬಾಳೆನಾರಿನಲ್ಲಿ ಕಟ್ಟಿ, ಎಂಟನೆಯ ಅಡ್ಡರಸ್ತೆಯ ತಿರುವಿನಲ್ಲಿ ಮೊಳದ ಲೆಕ್ಕದಲ್ಲಿ ಮಾರುತ್ತಿದ್ದರು. ನಾನು ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಟ ದಿನ ಬುಟ್ಟಿಯಿಂದ ಒಂದು ಗುಲಾಬಿ ತೆಗೆದು ಜೇಬಿಗಿಟ್ಟವರು ಅವರು. ವಠಾರ ಖಾಲಿ ಮಾಡಿಸುವಾಗ ಎಲ್ಲರಿಗೂ ಒಂದಿಷ್ಟು ಹಣ ಕೊಟ್ಟರಂತೆ. ಕಾನೂನಿನ ಪ್ರಕಾರ ಅದೂ ಕೊಡಬೇಕಾಗಿರಲಿಲ್ಲವೆಂದು ದೊಡ್ಡಪ್ಪ ಹೇಳಿದರು. ಅಜ್ಜಿ ತುಮಕೂರು ರಸ್ತೆಯಲ್ಲಿ ಮಾದನಾಯಕನಹಳ್ಳಿಯ ಆಚೆ ಮಗನ ಬಾಡಿಗೆ ಮನೆಗೆ ಹೋದರು.

ಮೂರು ವರ್ಷಗಳ ಬಳಿಕ ಊರಿಗೆ ಹೋದಾಗ ಅದೇ ತಿರುವಿನಲ್ಲಿ ಅದೇ ಬುಟ್ಟಿಯ ಮುಂದೆ ಅವರು ಕುಳಿತಿದ್ದರು.

"ಯಾವಾಗ್ ಬಂದ್ರಿ ಡಾಕ್ಟ್ರಪ್ಪ? ಮಕ್ಳು ಚೆನ್ನಾಗವ್ರಾ?"

"ಚೆನ್ನಾಗಿದ್ದಾರೆ ಅಜ್ಜಿ. ಅಷ್ಟು ದೂರದಿಂದ ದಿನಾ ಬರ್ತೀರಾ? ಮೆಟ್ರೋದಲ್ಲಾ?"

"ಬುಟ್ಟಿ ಹೊತ್ಕೊಂಡು ಆ ಮೆಟ್ಲು ಯಾರು ಹತ್ತುತ್ತಾರಪ್ಪ? ದುಡ್ಡೂ ಜಾಸ್ತಿ. ಎರಡ್ ಬಸ್ಸು. ಇಲ್ಲಿ ನನ್ ಗಿರಾಕಿ ಅವ್ರೆ. ಅಲ್ಲಿ ನನ್ನ ಯಾರ್ ಬಲ್ರು?"

ಏನು ಹೇಳಬೇಕೋ ತೋಚದೆ ನಿಂತೆ. ಅವರೇ ಮಾತು ಮುಂದುವರಿಸಿದರು: "ನಿಮ್ಮನೆ ಗೃಹಪ್ರವೇಶಕ್ಕೆ ಹಾರ, ತೋರಣ ಎಲ್ಲ ನಾನೇ ಕಟ್ಟಿದ್ದು. ನಿಮ್ ದೊಡ್ಡಪ್ಪೋರು ಚೌಕಾಶಿ ಮಾಡ್ಲಿಲ್ಲ, ಪಾಪ. ಕೇಳಿದ್ದಷ್ಟು ಕೊಟ್ರು."

ಅದರಲ್ಲಿ ಕುಹಕವಿರಲಿಲ್ಲ, ದೂರೂ ಇರಲಿಲ್ಲ. ನನ್ನಿಂದ ಹಣ ತೆಗೆದುಕೊಳ್ಳದೆ ಎರಡು ಮೊಳ ಮಲ್ಲಿಗೆ ಎಲೆಯಲ್ಲಿ ಸುತ್ತಿ ಕೊಟ್ಟರು. ಎರಡು ಬಸ್ಸು ಎಂಬ ಮಾತು ಮಾತ್ರ ಶಿಕಾಗೋದವರೆಗೂ ಹಿಂಬಾಲಿಸಿತು. ಚಿಕಿತ್ಸಾಲಯದಲ್ಲಿ ದಾದಿ ಅದೇ ಎರಡು ಬಸ್ಸಿನ ಮಾತು ಹೇಳಿದಾಗ ನನಗೆ ನೆನಪಾದದ್ದು ಹೂವಿನಜ್ಜಿ.

ಇನ್ನೊಂದು ಮಗ್ಗುಲು

ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕರ್ನಾಟಕದ 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದಲ್ಲಿ ಎಷ್ಟೋ ಮಾಲೀಕರಿಗೆ ಬರುತ್ತಿದ್ದ ಬಾಡಿಗೆ ಸುಣ್ಣ ಬಳಿಸುವುದಕ್ಕೂ ಸಾಲುತ್ತಿರಲಿಲ್ಲ. ಸೋರುವ ಮಾಡಿನಡಿ ಮಾಲೀಕನೂ ಬಾಡಿಗೆದಾರನೂ ಒಟ್ಟಿಗೆ ನೆನೆದರು. ಮಕ್ಕಳೆಲ್ಲ ಹೊರದೇಶದಲ್ಲಿರುವಾಗ ಎಪ್ಪತ್ತೈದರ ದೊಡ್ಡಪ್ಪ ಆ ಹಳೆಯ ಮನೆಯನ್ನು ಒಬ್ಬರೇ ಹೇಗೆ ನೋಡಿಕೊಂಡಾರು? ಲಿಫ್ಟು, ಕಾವಲುಗಾರ, ಇಪ್ಪತ್ತನಾಲ್ಕು ಗಂಟೆ ನೀರು ಇರುವ ಫ್ಲಾಟು ಅವರ ಮುಪ್ಪಿಗೆ ಆಸರೆಯಾಯಿತು. ಅವರನ್ನು ದೂರುವ ಹಕ್ಕು, ಸಹಿ ಮಾಡಿ ಅಂಚೆಗೆ ಹಾಕಿದ ನನಗಂತೂ ಇಲ್ಲ.

ಕೇರಿಯ ಸುಧಾರಣೆ ಹಳಬರಿಗೆ ಯಾವಾಗಲೂ ಕೇಡೇ ಎಂದೂ ಹೇಳಲಾಗದು. ಲ್ಯಾನ್ಸ್ ಫ್ರೀಮನ್ ಎಂಬ ವಿದ್ವಾಂಸರು ನ್ಯೂಯಾರ್ಕಿನ ಹಾರ್ಲೆಮ್ ಮತ್ತು ಕ್ಲಿಂಟನ್ ಹಿಲ್ ಕೇರಿಗಳ ನಿವಾಸಿಗಳನ್ನು ಮಾತನಾಡಿಸಿ 2006ರಲ್ಲಿ ಪುಸ್ತಕ ಬರೆದರು. ಒಳ್ಳೆಯ ಅಂಗಡಿ, ಸುರಕ್ಷಿತ ಬೀದಿ ಬಂದುದಕ್ಕೆ ಹಳಬರೂ ಸಂತೋಷಪಟ್ಟಿದ್ದರು. ಇಂಥ ಕೇರಿಗಳಿಂದ ಬಡವರು ಹೊರಹೋಗುವ ಪ್ರಮಾಣ ನಾವು ಊಹಿಸುವಷ್ಟು ಹೆಚ್ಚಲ್ಲವೆಂದೂ ಅವರ ಸಂಶೋಧನೆ ತೋರಿಸಿತು. ಆದರೆ ನ್ಯೂಯಾರ್ಕಿನಲ್ಲಿ ಬಾಡಿಗೆಗೆ ಕಡಿವಾಣವಿರುವ ಮನೆಗಳು ಬಹಳ. ನಮ್ಮ ಇಲಿನಾಯ್ ರಾಜ್ಯದಲ್ಲಿ 1997ರ ಕಾಯಿದೆಯೊಂದು ನಗರಗಳು ಬಾಡಿಗೆಗೆ ಮಿತಿ ಹಾಕುವುದನ್ನೇ ನಿಷೇಧಿಸಿದೆ. ಹಾಗೆಂದರೆ ಸುಧಾರಣೆ ಬಂದಾಗ ಹಳಬರು ಉಳಿಯುವರೋ ಎದ್ದು ಹೋಗುವರೋ ಎಂಬುದು ವಿಧಿಯ ಮಾತಲ್ಲ. ಮನುಷ್ಯರು ಮಾಡುವ ಕಟ್ಟಳೆಗಳ ಮಾತು.

ಕಟ್ಟಳೆಗಳು ಬದಲಾಗುವುದೂ ಉಂಟು. ಪಿಲ್ಸೆನ್‌ನ ಚರ್ಚುಗಳು ಕೂಡಿ 1990ರಲ್ಲಿ ಆರಂಭಿಸಿದ ರೆಸರೆಕ್ಷನ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೈಗೆಟಕುವ ಬಾಡಿಗೆಯ ಮನೆಗಳನ್ನು ಕಟ್ಟಿಕೊಂಡು ಬಂದಿದೆ. 2021ರಲ್ಲಿ ಶಿಕಾಗೋ ನಗರಸಭೆಯು ಪಿಲ್ಸೆನ್ ಮತ್ತು 606ರ ಸುತ್ತ, ಹಲವು ಸಂಸಾರಗಳ ಕಟ್ಟಡವನ್ನು ಒಂದೇ ಮನೆಯಾಗಿಸುವುದಕ್ಕೆ ತಡೆ ಹಾಕಿತು, ಕೆಡವುವವರಿಗೆ ಹೆಚ್ಚುವರಿ ಶುಲ್ಕ ವಿಧಿಸಿತು. ತಡವಾಗಿ ಬಂದ ಚಿಕಿತ್ಸೆ. ಆದರೂ ಚಿಕಿತ್ಸೆಯೇ.

ನಮ್ಮ ಪಾಲಿನ ಕೆಲಸ

ಹೊರನಾಡ ಕನ್ನಡಿಗರಾದ ನಾವು ಈ ಕಥೆಯಲ್ಲಿ ಎರಡು ಕಡೆ ಇದ್ದೇವೆ. ಇಲ್ಲಿ ಹೊಸ ಕಟ್ಟಡಕ್ಕೆ ಹೋಗುವವರು ನಾವು. ಅಲ್ಲಿ ಹಳೆಯ ಕಟ್ಟಡ ಕೆಡವಲು ಸಹಿ ಹಾಕುವವರೂ ನಾವು. ಅದಕ್ಕಾಗಿ ತಪ್ಪಿತಸ್ಥರಂತೆ ತಲೆ ತಗ್ಗಿಸಬೇಕೆಂದು ನಾನು ಹೇಳುವುದಿಲ್ಲ. ಕಣ್ಣು ತೆರೆದು ಸಹಿ ಹಾಕೋಣ ಎಂದಷ್ಟೇ ಕೋರುತ್ತೇನೆ. ಊರಿನ ಮನೆಯ ಕಾಗದ ಮುಂದೆ ಬಂದಾಗ ಎಷ್ಟು ಫ್ಲಾಟು ಎಂದು ಕೇಳುವ ಮೊದಲು ಈಗ ಯಾರಿದ್ದಾರೆ ಎಂದು ಕೇಳಬಹುದು. ದೀರ್ಘಕಾಲದಿಂದ ಇದ್ದ ಒಂದು ಕುಟುಂಬಕ್ಕಾದರೂ ಹೊಸ ಕಟ್ಟಡದಲ್ಲೋ ಸಮೀಪದಲ್ಲೋ ಎಡೆ ಮಾಡಿಕೊಡುವ ಮಾತನ್ನು ಒಪ್ಪಂದದಲ್ಲಿ ಸೇರಿಸಬಹುದು. ನಮ್ಮ ಮನೆಯಲ್ಲಿ ಅದು ಸಾಧ್ಯವಿತ್ತು. ನನ್ನ ಪಾಲಿನ ಫ್ಲಾಟು ಮೊದಲ ಎರಡು ವರ್ಷ ಬೀಗ ಹಾಕಿಯೇ ಇತ್ತು. ಇಲ್ಲಿ ಡೆಸ್ ಪ್ಲೇನ್ಸ್‌ನಲ್ಲಿ ಹೊಸ ವಸತಿ ಯೋಜನೆ ನಗರಸಭೆಯ ಮುಂದೆ ಬಂದಾಗ ಸಾರ್ವಜನಿಕ ಸಭೆಗೆ ಹೋಗಿ ಅದೇ ಪ್ರಶ್ನೆಯನ್ನು ಕೇಳಬಹುದು. ಬೆಲೆ ಏರಿದರೆ ಸಂತೋಷಪಡುವವರೇ ಆ ಪ್ರಶ್ನೆ ಕೇಳಿದರೆ ಅದಕ್ಕೆ ತೂಕ ಹೆಚ್ಚು.

ಇನ್ನೊಂದು ಬಿನ್ನಹ. ನಮ್ಮ ಹಿರಿಯ ಸದಸ್ಯರಲ್ಲಿ ಅನೇಕರು ವಠಾರಗಳಲ್ಲಿ ಬೆಳೆದವರು, ಇಲ್ಲವೆ ವಠಾರದ ಮಾಲೀಕರ ಮನೆಗಳಲ್ಲಿ ಬೆಳೆದವರು. ನಿಮ್ಮ ವಠಾರದ ನಕ್ಷೆ, ಯಾವ ಮನೆಯಲ್ಲಿ ಯಾವ ಕಸುಬಿನವರಿದ್ದರು, ಅವರು ಎಲ್ಲಿಗೆ ಹೋದರು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಳುಹಿಸಿಕೊಡಿ. ಮೈಸೂರಿನದಾಗಲಿ, ಹುಬ್ಬಳ್ಳಿಯದಾಗಲಿ, ಬೆಂಗಳೂರಿನದಾಗಲಿ. ಮಕ್ಕಳು ಅದನ್ನು ಓದಲಿ.

ಕಳೆದ ಬಾರಿ ಊರಿಗೆ ಹೋದಾಗ ಎಂಟನೆಯ ಅಡ್ಡರಸ್ತೆಯ ತಿರುವಿನಲ್ಲಿ ಬೇರೊಬ್ಬಾಕೆ ಹೂ ಮಾರುತ್ತಿದ್ದರು. ಅಜ್ಜಿಯ ಬಗ್ಗೆ ವಿಚಾರಿಸಿದೆ. "ಒಂದ್ ವರ್ಷದಿಂದ ಬರ್ತಿಲ್ಲ ಸಾರ್" ಎಂದರು. ಮಾದನಾಯಕನಹಳ್ಳಿಯ ಆಚೆ ಎಲ್ಲಿ ಎಂದು ಯಾರಿಗೂ ತಿಳಿದಿರಲಿಲ್ಲ. ಅವರ ಮಗನ ಹೆಸರು ದೊಡ್ಡಪ್ಪನಿಗೂ ನೆನಪಿರಲಿಲ್ಲ. ನಲವತ್ತು ವರ್ಷ ನಮ್ಮ ಹಿತ್ತಲಿನಲ್ಲಿ ಬದುಕಿದವರ ವಿಳಾಸ ನಮ್ಮ ಮನೆಯ ಯಾವ ಪುಸ್ತಕದಲ್ಲೂ ಇಲ್ಲ.